ಬೇಗ ತೆರೆಯುತ್ತಿದ್ದ ಪರದೆ

ನರ್ಸ್ ಪೆನಿಸಿಲಿನ್ ಸೂಜಿ ಹೊರತೆಗೆಯುವಷ್ಟರಲ್ಲೇ ಮೇಷ್ಟ್ರ ತುಟಿ ಊದಿಕೊಂಡಿತು. ಉಸಿರು ಸಿಕ್ಕಿಕೊಂಡಿತು. ಡಾಕ್ಟರು ಓಡಿ ಬಂದರು. ಜೀವ ಉಳಿಯಿತು.

ಆಸ್ಪತ್ರೆಯ ವಿಚಾರಣಾಧಿಕಾರಿ ಬಂದು ವಾರ್ಡಿನ ಕಂಪ್ಯೂಟರ್ ಪರದೆಯಲ್ಲಿ ಮೇಷ್ಟ್ರ ವಿವರ ನೋಡಿದಳು. ಕೆಂಪಕ್ಷರದಲ್ಲಿ ಒಂದು ಸಾಲು: 'ಪೆನಿಸಿಲಿನ್ ಒಗ್ಗದು.'

"ನಾನು ನೋಡಿದಾಗ ಈ ಸಾಲು ಇರಲಿಲ್ಲ ಮೇಡಂ," ಅಂದಳು ನರ್ಸ್.

"ಕಣ್ಣು ಎಲ್ಲಿಟ್ಟಿದ್ದೆ? ಸುಳ್ಳಾದರೂ ನಂಬೋ ಹಾಗೆ ಹೇಳು!"

ಇಡೀ ವಾರ್ಡು ಕೇಳಿಸಿಕೊಂಡಿತು. ಸಂಜೆಗೆ ನರ್ಸ್ ಅಮಾನತಾದಳು.

* * *

ಮರುದಿನ ಡಾಕ್ಟರ ಸರದಿ.

"ಆ ಸಾಲನ್ನ ನೀವು ಸೂಜಿ ಆದ ಮೇಲೆ ಸೇರಿಸಿದ್ರಾ?" ಕೇಳಿದಳು ಅಧಿಕಾರಿ.

"ಇಲ್ಲಮ್ಮ. ನಿನ್ನೆ ಬೆಳಿಗ್ಗೆ, ಸೂಜಿಗೂ ಮೊದಲೇ, ಮೇಷ್ಟ್ರ ಮಗಳು ಒಗ್ಗಲ್ಲ ಅಂತ ಫೋನ್ ಮಾಡಿದ ತಕ್ಷಣ ಸೇರಿಸಿದೆ. ಮದ್ದು ಬರೆದವರು ಹಿಂದಿನ ಪಾಳಿಯವರು."

ಸಾಲು ಸೇರಿಸಿದ ಸಮಯವನ್ನು ಅಧಿಕಾರಿ ಪರಿಶೀಲಿಸಿದಳು. ಡಾಕ್ಟರ ಮಾತು ನಿಜ.

ಹೊರಡುವಾಗ ಹಿರಿಯ ನರ್ಸ್ ಅಡ್ಡ ಬಂದಳು. "ಕಂಪ್ಯೂಟರ್ ವಿಭಾಗದ ನಿಮ್ಮ ತಮ್ಮನಿಗೆ ಸ್ವಲ್ಪ ಹೇಳಿ. ನಿನ್ನೆ ಆ ಗಲಾಟೆ ಆದಾಗಿಂದ ಪರದೆ ಆಮೆ ಆಗಿದೆ. ಒತ್ತಿ, ಒಂದು ನಿದ್ದೆ ಮಾಡಿ ಬರಬಹುದು."

ಅಧಿಕಾರಿಯ ಹೆಜ್ಜೆ ನಿಂತಿತು.

* * *

"ಏನೋ, ಪರದೆ ಯಾಕೆ ಕುಂಟ್ತಿದೆ?"

"ಅಯ್ಯೋ ಅಕ್ಕ, ಅದೇನು ಸುಮ್ನೆ ತೆರೆಯುತ್ತಾ? ರೋಗಿಯ ವಿವರ ಎಲ್ಲಾ ಎಕ್ಸ್‌ಎಂಎಲ್ ಅನ್ನೋ ಬರಹದ ಕಡತದಲ್ಲಿರುತ್ತೆ. ಡೇಟಾಬೇಸ್ ಅದನ್ನ ಓದಿ ತನ್ನ ಮೆಮೊರಿಯಲ್ಲಿ ಅದರ ನಕಲಾಗಿ ಒಂದು ಮರ ಕಟ್ಟುತ್ತೆ. ಹೆಸರು ಒಂದು ಕೊಂಬೆ, ಔಷಧಿ ಒಂದು ಕೊಂಬೆ. ಪರದೆ ತೋರಿಸೋದು ಆ ಮರಾನ. ನೋಡಿ ಆದ ಮೇಲೆ ಕೆಡವಬೇಕು, ಮುಂದಿನ ಸಲ ಹೊಸದು ಕಟ್ಟಬೇಕು. ಹೊತ್ತು ಹಿಡಿಯುತ್ತೆ."

"ನಿನ್ನೆವರೆಗೂ ಯಾಕೆ ಹಿಡೀತಿರಲಿಲ್ಲ?"

ಕೀಲಿಮಣೆಯ ಮೇಲೆ ತಮ್ಮನ ಬೆರಳು ತಡೆದು ನಿಂತಿತು.

"ನೀನು ಕೆಡವ್ತಿರಲಿಲ್ಲ," ಅಂದಳು ಅಕ್ಕ. "ಬೆಳಿಗ್ಗೆ ಕಟ್ಟಿದ ಮರವನ್ನೇ ದಿನವಿಡೀ ತೋರಿಸ್ತಿದ್ದೆ. ಡಾಕ್ಟರು ಆಮೇಲೆ ಕಡತಕ್ಕೆ ಸಾಲು ಸೇರಿಸಿದ್ರು. ಹಳೇ ಮರದಲ್ಲಿ ಆ ಕೊಂಬೆ ಇರಲಿಲ್ಲ. ನರ್ಸ್ ನೋಡಿದ್ದು ಅದನ್ನೇ. ಗಲಾಟೆ ಕೇಳಿದ್ದೇ ತಡ, ಎಲ್ಲಾ ಕೆಡವಿದೆ. ನಾನು ಬಂದು ನೋಡಿದ್ದು ಹೊಸ ಮರ."

"ನಿಧಾನ ಅಂತ ಎಲ್ರೂ ಬೈತಿದ್ರು... ಹೇಗೂ ಮೇಷ್ಟ್ರು ಉಳಿದ್ರಲ್ಲ ಅಕ್ಕ."

"ಆ ನರ್ಸ್‌ನ ಕೆಲಸ?"

"ನಾನು ಬಾಯಿ ಬಿಡೋ ಮೊದಲೇ ನೀನು ಅವಳನ್ನ ಹಿಡಿದಿದ್ದೆ. ಇಲ್ಲಿಗೆ ಬಂದು ನನ್ನನ್ನ ಒಂದು ಮಾತು ಕೇಳಿದ್ಯಾ?"

ಅಕ್ಕನ ಮುಖಕ್ಕೆ ಬಿಸಿ ಏರಿತು. ಕೇಳಿರಲಿಲ್ಲ. ಇಲ್ಲಿ ಕೂತಿರುವವನು ತಮ್ಮನಲ್ಲದೆ ಬೇರೆ ಯಾರೇ ಆಗಿದ್ದರೂ, ಮೊದಲು ಕೇಳುತ್ತಿದ್ದುದು ಅವನನ್ನೇ.

"ಏಳು," ಅಂದಳು. "ವಾರ್ಡಿಗೆ ನಡಿ."

* * *

ಮನೆಯಿಂದ ಕರೆಸಿದ್ದ ನರ್ಸ್ ಬಾಗಿಲಲ್ಲಿ ನಿಂತಿದ್ದಳು. ಡಾಕ್ಟರು, ಹಿರಿಯ ನರ್ಸ್, ದಿಂಬಿಗೊರಗಿದ ಮೇಷ್ಟ್ರು, ಎಲ್ಲರೂ ಇದ್ದರು. ತಮ್ಮ ನೆಲ ನೋಡುತ್ತಿದ್ದ. ನಡೆದದ್ದನ್ನು ಅಧಿಕಾರಿ ಬಿಡಿಸಿ ಹೇಳಿದಳು. ಕೊನೆಗೆ ಅವಳ ದನಿ ಇಳಿಯಿತು.

"ಇವಳು ಸುಳ್ಳು ಹೇಳಲಿಲ್ಲ. ತಪ್ಪು ಮಾಡಿ ಮುಚ್ಚಿಟ್ಟವನು ನನ್ನ ತಮ್ಮ. ಸರಿಯಾಗಿ ವಿಚಾರಿಸದೆ ಇವಳ ಮೇಲೆ ಹೊರಿಸಿದವಳು ನಾನು."

"ನಿನ್ನೆ ಇದಕ್ಕಿಂತ ಜೋರಾಗಿ ಅಂದಿದ್ರಿ ಮೇಡಂ," ಅಂದಳು ನರ್ಸ್. "ಕೊನೇ ಹಾಸಿಗೆಯವರಿಗೂ ಕೇಳಿಸಿತ್ತು."

ಅಧಿಕಾರಿ ಗಂಟಲು ಸರಿಮಾಡಿಕೊಂಡಳು. ಕೊನೆಯ ಹಾಸಿಗೆಯತ್ತ ತಿರುಗಿ, ಅಷ್ಟನ್ನೂ ಮತ್ತೊಮ್ಮೆ ಹೇಳಿದಳು. ಈ ಸಲ ಜೋರಾಗಿ.