ಎಪ್ಪತ್ತೆರಡು ಗಂಟೆಯ ಬಾವು

ಡಾಕ್ಟರ್ ಷಣ್ಮುಖಪ್ಪ ಜಗಳೂರು ಕಡೆಯ ನಮ್ಮೂರು ಸೊಕ್ಕೆಗೆ ಬಂದ ಮೊದಲ ದಿನವೇ ನನಗೆ ಅನುಮಾನ ಹುಟ್ಟಿತು. ಅವರ ಸಂಶೋಧನೆ ಮೂತ್ರಕೋಶದ ಕ್ಯಾನ್ಸರ್ ಮೇಲೆ. ಸೂಜಿ ಚುಚ್ಚುತ್ತಿದ್ದದ್ದು ಮಾತ್ರ ಗಟ್ಟಿಮುಟ್ಟಾದ ನಮ್ಮೂರ ಜನರ ಮುಂದೋಳಿಗೆ. ೧೯೮೪ರ ಬೇಸಿಗೆ ಅದು. ನಾನು ಅಲ್ಲಿನ ಆಸ್ಪತ್ರೆಯ ನರ್ಸು, ಬಾಯಿ ಸುಮ್ಮನಿರುವ ಪೈಕಿಯಲ್ಲ.

"ಕಾಯಿಲೆ ಇರೋದು ಎಲ್ಲೋ, ನೀವು ಚುಚ್ಚೋದು ಎಲ್ಲೋ. ಇದು ಹೆಂಗೆ ಸಾರ್?"

ಅವರು ನಕ್ಕರು. ನಕ್ಕರೆ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು.

"ನಮ್ಮ ಮೈಯಾಗೆ ಕಾವಲುಗಾರರು ಅದಾರೆ ಸಿಸ್ಟರ್. ಈ ಸೂಜಿಯಾಗೆ ಇರೋದು ಟಿಬಿ ರೋಗಾಣುವಿನ ಸತ್ವ. ಕಾವಲುಗಾರರು ಎಚ್ಚರ ಇದ್ರೆ ಚುಚ್ಚಿದಲ್ಲಿ ಗಟ್ಟಿ ಬಾವು ಬರ್ತೈತೆ. ಕ್ಯಾನ್ಸರ್ ಆದ ಕೆಲವರಿಗೆ ಬರಲ್ಲ. ನೀವು ಮಕ್ಕಳಿಗೆ ಹಾಕೋ ಟಿಬಿ ಲಸಿಕೆ ಬಿಸಿಜಿನೇ ಮೂತ್ರಕೋಶದೊಳಗೆ ಬಿಟ್ಟು ಕಾವಲುಗಾರರನ್ನ ಎಬ್ಬಿಸಾಕೆ ಹೊರದೇಶದಾಗೆ ನೋಡ್ತಾ ಅದಾರೆ. ಹೋಲಿಸಾಕೆ ನನಗೆ ಆರೋಗ್ಯವಂತರ ತೋಳು ಬೇಕು. ನಿಮ್ಮದೂ ಕೊಡ್ರಿ."

ಎಷ್ಟೋ ಮಕ್ಕಳಿಗೆ ನಾನೇ ಹಾಕಿದ್ದ ಲಸಿಕೆ! ನನ್ನ ಥರ್ಮಾಸ್‌ನಲ್ಲಿದ್ದ ಬಿಸಿಜಿಯ ಪುಟ್ಟ ಶೀಷೆಯನ್ನು ತೆಗೆದು ತೆಗೆದು ನೋಡಿದೆ. ಆಮೇಲೆ ತೋಳು ಚಾಚಿದೆ.

ಎಪ್ಪತ್ತೆರಡು ಗಂಟೆಗೆ ಬಾವು ಅಳೆಯಬೇಕು. "ನಲವತ್ತೆಂಟಕ್ಕೂ ನೋಡಬಹುದಂತಲ್ಲ ಸಾರ್" ಎಂದೆ. "ನನ್ನ ಕೆಲಸದಾಗೆ ಎಪ್ಪತ್ತೆರಡೇ" ಎಂದರು. ಒಂದು ಗಂಟೆಯನ್ನೂ ಬಿಡುವ ಮನುಷ್ಯರಲ್ಲ.

ಮೂರನೆಯ ದಿನ ಬಾಲ್‌ಪೆನ್ನು, ಸ್ಕೇಲು ಹಿಡಿದು ಬಂದರು. ಮೂವತ್ತು ತೋಳು ಸಾಲಾಗಿ ಚಾಚಿದ್ದವು. ಮೂವತ್ತೂ ಕೆಂಪೋ ಕೆಂಪು. ಇಡೀ ಊರಿಗೆ ಊರೇ ಎಚ್ಚರ ಎಂದು ಅವರ ಮುಖ ಅರಳಿತು. ಬಗ್ಗಿ ನೋಡಿದರೆ ಅರಿಶಿನದ ವಾಸನೆ!

ಆಸ್ಪತ್ರೆಯ ಪಕ್ಕದ ಮನೆಯ ಹನುಮಂತಮ್ಮಜ್ಜಿ ಹೆಮ್ಮೆಯಿಂದ ಹೇಳಿತು: "ಊದಿಕೊಂತಲ್ಲಪ್ಪ, ಅರಿಶಿನ ಸುಣ್ಣ ಕಲಸಿ ಎಲ್ಲಾರಿಗೂ ನಾನೇ ಹಚ್ಚೀನಿ."

ನನಗೆ ನಗು ತಡೆಯಲಾಗಲಿಲ್ಲ. ಸೂಜಿಗೆ ಊದಿದ್ದೆಷ್ಟು, ಸುಣ್ಣಕ್ಕೆ ಊದಿದ್ದೆಷ್ಟು ತಿಳಿಯದೆ ಮೂವತ್ತರ ಲೆಕ್ಕವೂ ಕೆಟ್ಟಿತ್ತು; ಡಾಕ್ಟರ ಮುಖ ನೋಡಿ ಪಾಪವೂ ಅನ್ನಿಸಿತು.

ಉಳಿದದ್ದು ನನ್ನದೊಂದೇ ತೋಳು. ಅದನ್ನು ಮೇಜಿನ ಮೇಲಿಟ್ಟು ಅವರು ಕಣ್ಣು ಮುಚ್ಚಿದರು. ಬಾವಿನ ಅಂಚನ್ನು ಬೆರಳಿನಿಂದಲೇ ಹುಡುಕಬೇಕು, ಕಣ್ಣು ಮೋಸ ಮಾಡುತ್ತದೆ ಎಂದರು. ಬೆರಳು ನಿಧಾನಕ್ಕೆ ಹೊರಗಿನಿಂದ ಒಳಗೆ ಬಂತು. ನಾನು ಅವರ ರೆಪ್ಪೆಗಳನ್ನೇ ನೋಡಿದೆ. ಗಂಡಸಿಗೆ ಇಷ್ಟು ಉದ್ದದ ರೆಪ್ಪೆ ಯಾಕೆ ಬೇಕಿತ್ತು?

"ಹನ್ನೊಂದು ಮಿಲಿಮೀಟರ್. ನಿಮ್ಮ ಕಾವಲುಗಾರರು ಬಲು ಚುರುಕು ಸಿಸ್ಟರ್."

ಎಲ್ಲಿಯ ಚುರುಕು, ಆ ಹೊತ್ತಿಗೆ ಅವರೆಲ್ಲ ಬಾಗಿಲು ತೆರೆದುಕೊಂಡು ಕೂತಿದ್ದರು.

ಮರು ತಿಂಗಳು ಹೊಸ ಮೂವತ್ತು ಜನರಿಗೆ ಚುಚ್ಚಿದರು. ಈ ಸಲ ನಾನು ಮನೆಮನೆಗೆ ಹೋಗಿ ಎಚ್ಚರಿಸಿದೆ. ಅಜ್ಜಿಯ ಸುಣ್ಣದ ಡಬ್ಬಿಯನ್ನೇ ಎತ್ತಿಟ್ಟುಕೊಂಡೆ. ಗುರುವಾರ ಮೂವತ್ತು ತೋಳೂ ಚೊಕ್ಕವಾಗಿದ್ದವು. ಅಳೆದು, ಬರೆದು, ರಿಜಿಸ್ಟರ್ ಮುಚ್ಚಿದರು.

"ಜಗಳೂರು ಕಡೆ ಕೆಲಸ ಮುಗೀತು. ನಿಮ್ಮ ಉಪಕಾರ ಮರೆಯಲ್ಲ."

ನಾನೇ ಮುತುವರ್ಜಿ ವಹಿಸಿ ಅವರು ಮತ್ತೆ ಬರುವ ದಾರಿ ಮುಚ್ಚಿದ್ದೆ. ಭಾನುವಾರ ಹೊನ್ನಾಳಿಯಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. ನೋಡಿದ ಮೇಲೆ ಒಪ್ಪಿಗೆ ಹೇಳುವವನು ನನ್ನ ಅಣ್ಣ, ನಾನಲ್ಲ.

ಅವರು ಕೈ ತೊಳೆದು ಬರುವಷ್ಟರಲ್ಲಿ ಅಜ್ಜಿಯ ಡಬ್ಬಿ ತೆರೆದೆ. ಆಸ್ಪತ್ರೆಯ ಹಿಂದೆಯೇ ಇದ್ದ ನನ್ನ ಅಡುಗೆಮನೆಯಿಂದ ಅರಿಶಿನ ತಂದು ಬೆರೆಸಿ ನನ್ನ ಮುಂದೋಳಿಗೆ ಬಳಿದುಕೊಂಡೆ.

ಅವರು ಕೆಂಪು ನೋಡಿ ಬೆಚ್ಚಿದರು. "ನಿಮಗೆ ಈ ಸಲ ಚುಚ್ಚೇ ಇಲ್ಲವಲ್ಲ!"

"ಇಲ್ಲ ಸಾರ್."

"ಮತ್ತೆ ಇದ್ಯಾಕೆ?"

"ಅರಿಶಿನ ಸುಣ್ಣ ಹಚ್ಚಿದ್ರೆ ಅಳೆಯಾಕೆ ಮತ್ತೊಮ್ಮೆ ಬರ್ತೀರಲ್ಲ. ಅದಕ್ಕೇ."

ಕನ್ನಡಕ ಜಾರಿತು. ಈ ಸಲ ಅವರು ನಕ್ಕಿರಲಿಲ್ಲ. ನನ್ನ ಕೈ ತೆಗೆದುಕೊಂಡು, ಕಣ್ಣು ಮುಚ್ಚಿ, ಇಲ್ಲದ ಬಾವಿನ ಅಂಚನ್ನು ಬಹಳ ಹೊತ್ತು ಹುಡುಕಿದರು.

"ಮೂರು ದಿನ ಬಿಟ್ಟು ಬರ್ಲಾ?"

"ಅವತ್ತು ಭಾನುವಾರ. ಹೊನ್ನಾಳಿಯೋರು ನನ್ನ ನೋಡಾಕೆ ಬರ್ತಾರೆ."

ಅವರು ರಿಜಿಸ್ಟರ್ ತೆರೆದರು, ಮುಚ್ಚಿದರು. ಆಮೇಲೆ ಮೊದಲ ಸಲ ನನ್ನ ಹೆಸರು ಹಿಡಿದು ಕರೆದರು.

"ಸಾವಂತ್ರಮ್ಮ, ನಲವತ್ತೆಂಟು ಗಂಟೆಗೂ ನೋಡಬಹುದು. ಶನಿವಾರಾನೇ ಬರ್ತೀನಿ. ನಮ್ಮವ್ವನ್ನೂ ಕರ್ಕೊಂಡು."