ಕೇಕು ಹೋಗುವ ಬಸ್ಸು

"ತಾಟು ಮ್ಯಾಲ ಹಾಕ್ರಿ ಬಾಯಿ. ಸಾಮಾನೆಲ್ಲ ಬಸ್ಸಿನ ಮ್ಯಾಲ."

"ಹಾಕೂದಿಲ್ಲರಿ."

"ಯಾಕ?"

"ಕಿಲ್ಲಾ ಒಡೀತದ."

ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಪಂಢರಿಯ ಕೈ ನಿಂತಿತು. ಬೀದರ ಬಸ್‌ಸ್ಟ್ಯಾಂಡಿನಲ್ಲಿ ಅವನು ಕೋಳಿ, ಕುರಿ, ಒಮ್ಮೆ ಮದುಮಗನ ಕುದುರೆಯನ್ನು ಹತ್ತಿಸುವ ಜಗಳವನ್ನೂ ನೋಡಿದ್ದ. ಕಿಲ್ಲಾ ಹತ್ತಿಸುವವರನ್ನು ನೋಡಿರಲಿಲ್ಲ.

ಜಿಜಾಬಾಯಿ ತಾಟಿನ ಮೇಲಿನ ಬಟ್ಟೆ ಸರಿಸಿದಳು. ಒಳಗೆ ಬೀದರ ಕೋಟೆಯೇ ಕುಳಿತಿತ್ತು. ರವೆ ಕೇಕಿನ ಗೋಡೆ, ಖೋವಾದ ಬುರುಜು, ಬೆಲ್ಲದ ಪಾಕದಲ್ಲಿ ಅಂಟಿಸಿದ ಶೇಂಗಾಬೀಜದ ಕಲ್ಲುಗಳು. ದರವಾಜೆಯ ಮುಂದೆ ಎಳ್ಳಿನ ಫಿರಂಗಿ.

"ಭಾಲ್ಕ್ಯಾಗ ನಮ್ಮ ಅಕ್ಕನ ಮಗಳದು ಹುಟ್ಟಿದ ಹಬ್ಬ. ಬಸ್‌ಸ್ಟ್ಯಾಂಡಿನ ಎದುರಿಗೇ ಮನಿ. ಅಷ್ಟು ಮುಟ್ಟಸ್ತೀರೇನ್ರಿ?"

"ನೀವು ಬರೂದಿಲ್ಲೇನ್ರಿ?"

"ಇಲ್ಲರಿ. ಕೇಕು ಅಷ್ಟ ಹೋಗ್ತದ."

"ಮಾಡಿದವರ್ನ ಬಿಟ್ಟು ಕೇಕು ಒಂದೇ ಹ್ಯಾಂಗ ಹೋಗ್ತದ್ರಿ?"

ಅವಳು ತಲೆ ಎತ್ತಿದಳು. ಆಗ ಅವನಿಗೆ ಅವಳ ಬರಿದಾದ ಹಣೆ ಕಂಡಿತು, ಬಳೆಯಿಲ್ಲದ ಕೈ ಕಂಡಿತು. ಕೇಳಬಾರದ್ದನ್ನು ಕೇಳಿಬಿಟ್ಟೆನಲ್ಲ... ಎಂದು ನಾಲಿಗೆ ಕಚ್ಚಿಕೊಂಡ. ತಾಟು ತೆಗೆದುಕೊಂಡು ತನ್ನ ಸೀಟಿನ ಮೇಲಿಟ್ಟ. ಭಾಲ್ಕಿ ತನಕ ತಾನು ನಿಂತೇ ಹೋದ.

"ಏನಪಾ, ಕಂಡಕ್ಟರಕಿ ಬಿಟ್ಟು ಕಿಲ್ಲಾದ ಸಿಪಾಯಿ ಆದಿ?" ಎಂದು ಡ್ರೈವರ್ ಉಸ್ಮಾನ ಮಿಯಾ ದಾರಿಯುದ್ದಕ್ಕೂ ನಕ್ಕ.

ಬೀದರ ಆಗಿನ್ನೂ ಹೈದರಾಬಾದ ರಾಜ್ಯದಲ್ಲಿತ್ತು. ಜಿಜಾಬಾಯಿ ಊರಂಚಿನ ಮೈಲೂರಿನಲ್ಲಿ ಅಣ್ಣ ಮಾಣಿಕನ ಮನೆಯಲ್ಲಿದ್ದಳು. ಮದುವೆಯಾದ ವರ್ಷವೇ ಗಂಡ ವಾಂತಿಭೇದಿಯಲ್ಲಿ ತೀರಿಕೊಂಡಿದ್ದ. ಉಡಿಕೆ ಮಾಡಿ ಇನ್ನೊಬ್ಬನಿಗೆ ಕೊಡುವ ರೂಢಿ ಅವರ ಮಂದಿಯಲ್ಲಿ ಇತ್ತು. ಆದರೆ ಮಾಣಿಕ ಆ ಮಾತು ಎತ್ತಲಿಲ್ಲ. ಎತ್ತಿದರೆ ಮನೆಯ ಒಲೆ ಯಾರು ನೋಡಬೇಕು? ತಂಗಿಯ ಮೇಲೆ ಅಷ್ಟು ಪ್ರೀತಿ ಅವನಿಗೆ!

ಕೇಕು ಕಲಿಸಿದ್ದು ಓಣಿಯ ಹಾಜಿರಾಬೀ. ಡಬರಿಯಲ್ಲಿ ಮರಳು ಕಾಯಿಸಿ, ಒಳಗೆ ಪಾತ್ರೆಯಿಟ್ಟು, ಮುಚ್ಚಳದ ಮೇಲೆ ಕೆಂಡ ಹರವಬೇಕು. "ನಡುವ ಮುಚ್ಚಳ ತೆಗೀಬ್ಯಾಡ ಬೇಟಿ. ತೆಗೆದ್ರ ಕೂತ್ಕೊಂಡಬಿಡ್ತದ," ಎನ್ನುತ್ತಿದ್ದಳು. ಅಕ್ಕ ಕೌಸಲ್ಯಾಬಾಯಿಯ ಭಾಲ್ಕಿ ಮನೆಗೆ, ಔರಾದದ ಕಾಕಾ ಕಾಶೀರಾಮನ ಮನೆಗೆ, ಯಾವ ಕೂಸಿನ ಹುಟ್ಟುಹಬ್ಬವಿದ್ದರೂ ಜಿಜಾಳ ಕೇಕೇ ಆಗಬೇಕು. ಆದರೆ ಆರತಿ ಬೆಳಗುವ ಮನೆಗೆ ಗಂಡನಿಲ್ಲದವಳು ಬರಬಾರದು. ಕೈ ಬೇಕು, ಮುಖ ಬೇಡ.

ಹಾಗಾಗಿ ಎಲ್ಲ ಕೇಕುಗಳೂ ಪಂಢರಿಯ ಬಸ್ಸಿನಲ್ಲಿ ಹೋದವು. ಔರಾದಕ್ಕೆ ಎತ್ತಿನ ಬಂಡಿ ಹೋಯಿತು, ನವಿಲು ಹೋಯಿತು. ಭಾಲ್ಕಿಗೆ ಬೀದರದ ಚೌಬಾರಾ ಗೋಪುರ ಹೋಯಿತು. ಖಾಲಿ ತಾಟು ತಿರುಗಿ ತರುವಾಗ ಪಂಢರಿ ಸುದ್ದಿಯನ್ನೂ ತರುತ್ತಿದ್ದ.

"ಹ್ಯಾಂಗ ತಿಂದ್ರು?" ಅವಳ ಮೊದಲ ಪ್ರಶ್ನೆ ಯಾವಾಗಲೂ ಅದೇ.

"ನವಿಲಿನ ಬಾಲಕ್ಕ ಜಗಳ ಆತ್ರಿ. ಕಡೀಕ ಕಾಶೀರಾಮ ಕಾಕಾನೇ ಅರ್ಧ ಬಾಲ ತಿಂದು ಮೀಸಿ ಒರಸ್ಕೊಂಡ್ರು."

ಜಿಜಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವಳು ನೋಡದ ಹಬ್ಬಗಳನ್ನೆಲ್ಲ ಅವನ ಕಣ್ಣಿನಲ್ಲಿ ನೋಡಿದಳು. ಒಮ್ಮೆ ಧೈರ್ಯ ಮಾಡಿ ಕೇಳಿದಳು.

"ನಿಮ್ಮದು ಯಾವಾಗ್ರಿ, ಹುಟ್ಟಿದ ದಿನ?"

"ಯಾರಿಗೂ ಗೊತ್ತಿಲ್ಲರಿ. ಅವ್ವ, ಅಪ್ಪ ಸಣ್ಣವಿದ್ದಾಗ ಹೋದ್ರು. ಸಾಲ್ಯಾಗ ಮಾಸ್ತರು ಜೂನ್ ಒಂದು ಅಂತ ಬರಕೊಂಡ್ರು. ನಮ್ಮ ಕ್ಲಾಸಿನ ಅರ್ಧ ಹುಡುಗರು ಅವತ್ತೇ ಹುಟ್ಟ್ಯಾರ."

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. ಇವನಿಗೆ ಒಂದು ಕೇಕು ಮಾಡಬೇಕು... ಎಂದುಕೊಂಡಳು. ಆ ಕ್ಷಣವೇ ಅವಳಿಗೆ ತನ್ನ ಮನಸ್ಸು ಎಲ್ಲಿಗೆ ಹೋಗಿದೆ ಎಂದು ತಿಳಿದು ಭಯವಾಯಿತು.

ಯುಗಾದಿಗೆ ತವರಿಗೆ ಬಂದ ಕೌಸಲ್ಯಾಬಾಯಿ ಹೋಳಿಗೆ ಲಟ್ಟಿಸುತ್ತ ಸುಮ್ಮನೆ ಒಂದು ಮಾತು ಹೇಳಿದಳು.

"ಆ ಕಂಡಕ್ಟರ್ ಭಾಳ ಮಡಿ ನೋಡು. ನೀ ಮಾಡಿದ್ದು ಒಂದು ಚೂರೂ ಬಾಯಾಗ ಇಡೂದಿಲ್ಲ. ಕೊಟ್ಟ ತುಂಡು ಕಾಗದದಾಗ ಸುತ್ತಿ ಒಯ್ತಾನ. ಎಲ್ಲಿ ಒಗೀತಾನೋ ಏನೋ."

ಜಿಜಾಳ ಕೈಯ ಹಿಟ್ಟು ಕೈಯಲ್ಲೇ ಉಳಿಯಿತು.

ಊರೆಲ್ಲ ತಿನ್ನುವ ಕೇಕನ್ನು ಅವನು ತಿನ್ನುವುದಿಲ್ಲ. ರಂಡೆಯ ಕೈಯದು ಎಂದು! ಅವನೂ ಎಲ್ಲರಂತೆಯೇ. ಅಲ್ಲ, ಎಲ್ಲರಿಗಿಂತ ಕೆಟ್ಟವನು, ನಗಿಸಿ ಮೋಸ ಮಾಡಿದ... ಅಂದು ರಾತ್ರಿ ಅವಳು ಊಟ ಬಿಟ್ಟಳು. ಯಾಕೆಂದು ಯಾರೂ ಕೇಳಲಿಲ್ಲ.

ಮುಂದಿನ ಸಲ ತಾಟು ಕೊಟ್ಟು ಮುಖ ತಿರುಗಿಸಿದಳು. "ಹ್ಯಾಂಗ ತಿಂದ್ರು" ಎಂದು ಕೇಳಲಿಲ್ಲ. ಅಣ್ಣ ಬೈದಿರಬೇಕು, ಕಂಡಕ್ಟರ್ ಜೊತೆ ಏನು ಮಾತು ಅಂದಿರಬೇಕು ಎಂದುಕೊಂಡು ಪಂಢರಿಯೂ ಸುಮ್ಮನಾದ. ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಕುಳಿತರೆ ಬೀಗದ ಕೈ ಯಾರ ಹತ್ತಿರ ಇರಬೇಕು?

ಹಾಗೆಯೇ ಬೇಸಿಗೆ ಹೋಯಿತು, ಮಳೆಗಾಲ ಹೋಯಿತು. ರಾಜ್ಯಗಳನ್ನು ಒಡೆಯುವ ಸುದ್ದಿ ಬಂತು. ಬೀದರ, ಭಾಲ್ಕಿ, ಔರಾದ ಮೈಸೂರು ರಾಜ್ಯಕ್ಕೆ. ಉದಗೀರ ಮುಂಬಯಿ ರಾಜ್ಯಕ್ಕೆ. ಪಂಢರಿ ಉದಗೀರದವನು. ಅವನನ್ನು ಆ ಕಡೆಗೆ ಹಾಕಿದರು.

ಹೊಸ ರಾಜ್ಯ ಆಗುವ ಹಿಂದಿನ ದಿನ ಅವನ ಕೊನೆಯ ಬಸ್ಸು, ಬೀದರದಿಂದ ಭಾಲ್ಕಿ ಹಾಯ್ದು ಉದಗೀರಕ್ಕೆ. ಅಂದೇ ಅಕ್ಕನ ಮಗಳು ಚಂಪಾಳ ಹುಟ್ಟುಹಬ್ಬ. ಈ ಸಲ ಅವಳು ಕೇಳಿಕಳಿಸಿದ್ದು ಬಸ್ಸು. "ಪಂಢರಿ ಮಾಮಾನ ಬಸ್ಸೇ ಬೇಕು" ಎಂದಿದ್ದಳಂತೆ.

ಅವನನ್ನು ಒಯ್ಯುವ ಬಸ್ಸನ್ನು ಜಿಜಾ ತನ್ನ ಕೈಯಾರೆ ಮಾಡಿದಳು. ಖೋವಾದ ಕಿಟಕಿ, ಚಕ್ಕುಲಿಯ ಗಾಲಿ. ಕಂಡಕ್ಟರ್ ನಿಲ್ಲುವ ಜಾಗದಲ್ಲಿ ಒಂದು ಒಣದ್ರಾಕ್ಷಿ ಒತ್ತಿದಳು. ಆಮೇಲೆ ಅದನ್ನು ಕಿತ್ತಳು. ಆಮೇಲೆ ಮತ್ತೆ ಒತ್ತಿದಳು.

ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಪಂಢರಿ ತಾಟಿಗೆ ಕೈ ಚಾಚಿದ. ಅವಳು ಕೊಡಲಿಲ್ಲ.

"ಭಾಲ್ಕಿಗೆ ಒಂದು ಟಿಕೆಟ್ ಕೊಡ್ರಿ."

"ಯಾರಿಗ್ರಿ?"

"ನನಗ. ಇಷ್ಟು ವರ್ಷದಾಗ ಒಂದು ಸಲನಾದ್ರೂ ಚಂಪಾ ತಿನ್ನೂದು ನಾನು ನೋಡಬೇಕಲ್ಲ. ನಾಳಿಂದ ಬಂದು ಹೇಳೂವರು ಯಾರದಾರ?"

ಪಂಢರಿ ಟಿಕೆಟ್ ಹರಿದುಕೊಟ್ಟ.

ಅವಳು ಡ್ರೈವರಿನ ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ತಾಟಿಟ್ಟುಕೊಂಡು ಕುಳಿತಳು. ಪಂಢರಿ ಮೇಲೆ ಸಾಮಾನು ಕಟ್ಟಲು ಹೋದ. ಉಸ್ಮಾನ ಮಿಯಾ ತಿರುಗಿ ಮೆಲ್ಲಗೆ ಅಂದ.

"ಬೇಟಿ, ಇವತ್ತ ನನ್ನ ನಸೀಬ ಖೋಟಾ. ನಾಳಿಂದ ನನಗ ಕೇಕು ಯಾರು ಕೊಡ್ತಾರ?"

"ನಿಮಗ?"

"ಅವನ ಪಾಲು ನಾನೇ ತಿಂದೇನಲ್ಲ, ವರ್ಷಪೂರ್ತಿ. ದೀವಾನಾ ಅದಾನ ಅವ. 'ಮಾಡಿದಾಕಿ ಕುಂದರದ ಪಂಕ್ತ್ಯಾಗ ನಾನೂ ಕೂತು ತಿನ್ನೂದಿಲ್ಲ ಚಾಚಾ' ಅಂತಾನ. ಕಾಗದ ಬಿಚ್ಚಿ ನೋಡ್ತಾನ, ನನಗ ಕೊಡ್ತಾನ. ಹ್ಯಾಂಗದ ಅಂತ ಕೇಳ್ತಾನ. ಚೊಲೊ ಅದ ಅಂತೇನಿ. ಇನ್ನೇನ ಹೇಳಲಿ?"

ಬಸ್ಸು ಹೊರಟಿತು. ಜಿಜಾ ತನ್ನ ಕಣ್ಣೀರು ಖೋವಾದ ಕಿಟಕಿಯ ಮೇಲೆ ಬೀಳದಂತೆ ತಾಟನ್ನು ಆಚೆ ಸರಿಸಿಕೊಂಡಳು. ಆರು ತಿಂಗಳು ಹಾಳುಮಾಡಿದೆನಲ್ಲ... ಮಾತಾಡಬಹುದಾಗಿದ್ದ ಆರು ತಿಂಗಳು!

ಭಾಲ್ಕಿಯಲ್ಲಿ ಇಳಿದು ಅವಳು ಅಕ್ಕನ ಹೊಸ್ತಿಲ ಮುಂದೆ ನಿಂತಾಗ ಒಳಗೆ ಆರತಿ ತಟ್ಟೆ ಸಿದ್ಧವಾಗಿತ್ತು. ಕೌಸಲ್ಯಾಬಾಯಿಯ ಅತ್ತೆ ಅವಳನ್ನು ನೋಡಿದಳು.

"ಹಬ್ಬದ ಹೊತ್ತಿನಾಗ ಬಾಗಲದಾಗ ಯಾರ ಇದು?"

ಕೌಸಲ್ಯಾಬಾಯಿ ಓಡಿ ಬಂದು ತಾಟು ತೆಗೆದುಕೊಂಡಳು. ತಂಗಿಯ ಮುಖ ನೋಡಲಿಲ್ಲ.

"ಜಿಜಾ, ಆರತಿ ಆಗೂ ತನಕಾ ಹೊರಗ ಕಟ್ಟಿ ಮ್ಯಾಲ ಕುಂದರು. ಸಿಟ್ಟಾಗಬ್ಯಾಡ..."

ಬಾಗಿಲು ಮುಂದಕ್ಕೆ ಬಂತು. ಒಳಗೆ ಹಾಡು ಕೇಳಿತು. ಚಂಪಾ ಬಸ್ಸು ನೋಡಿ ಕಿರುಚಿದ್ದೂ ಕೇಳಿತು. ಜಿಜಾ ಮುಚ್ಚಿದ ಬಾಗಿಲನ್ನೇ ನೋಡುತ್ತ ಕುಳಿತಳು. ಒಡಹುಟ್ಟಿದ ಅಕ್ಕ ಕೂಡ ಒಳಗೆ ಬಾ ಅನ್ನಲಿಲ್ಲ. ಇನ್ನು ಯಾರೂ ಅನ್ನುವುದಿಲ್ಲ ಎಂದು ಅವಳಿಗೆ ಖಚಿತವಾಯಿತು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಬಂದವನು ಪಂಢರಿ. ಬಸ್ಸು ನಿಂತಷ್ಟು ಹೊತ್ತಿನಲ್ಲಿ ಚಂಪಾಳಿಗೆ ಹೋಗಿಬರುತ್ತೇನೆ ಎಂದು ಹೇಳಲು ಹಿತ್ತಲಿನಿಂದ ಹೋಗಿದ್ದ. ಕೈಯಲ್ಲಿ ಎಂದಿನಂತೆ ಒಂದು ತುಂಡು ಕೇಕು ಇತ್ತು. ಅವನು ಅದನ್ನು ಕಾಗದದಲ್ಲಿ ಸುತ್ತಲಿಲ್ಲ. ಕಟ್ಟೆಯ ಮೇಲೆ, ಅವಳ ಪಕ್ಕದಲ್ಲಿ, ನಾಲ್ಕು ಮಂದಿ ನೋಡುವ ಹಾದಿಯ ಎದುರಿಗೇ ಕುಳಿತ.

"ಇವತ್ತ ತಿಂತೇನಿ. ನೀವು ಕುಂತೀರಲ್ಲ."

ಅವಳು ತುಂಡು ಮುರಿದು ಅರ್ಧ ಕೊಟ್ಟಳು. ಇನ್ನರ್ಧ ತಾನು ತಿಂದಳು. ಯಾರ ಹುಟ್ಟುಹಬ್ಬದಲ್ಲೂ ಅವಳು ತನ್ನ ಕೇಕು ತಿಂದಿರಲಿಲ್ಲ.

"ಹ್ಯಾಂಗದ್ರಿ?"

"ಉಸ್ಮಾನ ಚಾಚಾ ಸುಳ್ಳ ಹೇಳ್ಯಾನ. ಬರೇ ಚೊಲೊ ಅಂತಿದ್ದ." ಅವನು ಬೆರಳಿಗೆ ಅಂಟಿದ ಚೂರನ್ನೂ ಬಾಯಿಗೆ ಹಾಕಿಕೊಂಡ. "ನಿಮ್ಮ ಮ್ಯಾಲ ಜೀವ ಇಟ್ಟೇನಿ ಜಿಜಾಬಾಯಿ. ಮೊದಲನೇ ದಿನಾನೇ. ನಾಳಿಂದ ಬ್ಯಾರೆ ರಾಜ್ಯ. ಹೇಳಿ ಏನುಪಯೋಗ ಅಂತ ಸುಮ್ಮನಿದ್ದೆ."

"ನಾನೂ ಇಟ್ಟೇನಿ. ನಾನೂ ಸುಮ್ಮನಿದ್ದೆ."

ಬಸ್‌ಸ್ಟ್ಯಾಂಡಿನಿಂದ ಹಾರ್ನ್ ಕೇಳಿತು. ಮುಂದೆ ಉದಗೀರ. ಹಿಂದೆ ಮೈಲೂರು, ಅಣ್ಣನ ಒಲೆ, ಯಾರಾರದೋ ಕೇಕುಗಳು. ಹೋದರೆ ಅಣ್ಣನ ಬಾಗಿಲು, ಅಕ್ಕನ ಬಾಗಿಲು ಎರಡೂ ಮತ್ತೆ ತೆರೆಯುವುದಿಲ್ಲ, ಚಂಪಾಳ ಮುಖ ಮತ್ತೆ ಕಾಣುವುದಿಲ್ಲ. ಜಿಜಾ ಎದ್ದು ನಿಂತಳು. ಅವನೂ ಎದ್ದ.

"ತಾಟು ಒಳಗೇ ಉಳೀತಲ್ರಿ," ಅಂದ ಅವನು.

"ಉಳೀಲಿ."

"ನಿಮ್ಮ ಟಿಕೆಟ್ ಇಲ್ಲಿಗೇ ಮುಗೀತು."

"ಮುಂದಿಂದು ಹರೀರಿ."

ಪಂಢರಿ ಟಿಕೆಟ್ ಪುಸ್ತಕ ತೆಗೆದ. "ಎಲ್ಲಿ ತನಕಾ?"

"ನಿಮ್ಮ ಮನ್ಯಾಗ ಒಲಿ ಅದ ಏನ್ರಿ?"

"ಅದ. ಹಚ್ಚೂವರಿಲ್ಲ."

"ಅಲ್ಲಿ ತನಕಾ," ಅಂದಳು ಜಿಜಾ. "ಮುಟ್ಟಿದ ದಿನಾನೇ ನಿಮ್ಮ ಹುಟ್ಟಿದ ದಿನ ಅಂತ ಇಟ್ಕೋತೀನಿ."