ಆತಂಕಪಡುವ ಅಗತ್ಯವಿದೆ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸಚಿವರ ಮಾಧ್ಯಮ ಸಲಹೆಗಾರ ಪ್ರಭುರಾಜ ಖುದ್ದಾಗಿ ಯಲಬುರ್ಗಾ ಠಾಣೆಗೆ ಬಂದ. ಬೇವೂರಿನ ಹೊಸ ಬೋರಿನ ನೀರು ಕುಡಿಯಬಾರದೆಂದು ಸರ್ಕಾರಿ ಲೆಟರ್‌ಹೆಡ್ ಮೇಲೆ ಯಾರೋ ನಕಲಿ ಪ್ರಕಟಣೆ ಹೊರಡಿಸಿ, ವಾಟ್ಸ್ಆ್ಯಪ್‌ನಲ್ಲಿ ಹರಿಬಿಟ್ಟಿದ್ದರು. ಇನ್‌ಸ್ಪೆಕ್ಟರ್ ಭವಾನಿ ಎಫ್‌ಐಆರ್ ದಾಖಲಿಸಿದಳು.

"ನೀರು ಹೆಂಗ ಅದಾವ್ರಿ?"

"ಅದು ನಿಮಗ್ಯಾಕ್ರಿ ಮೇಡಂ? ಬರದವ್ರನ್ನ ಹಿಡೀರಿ."

ಭವಾನಿ ಜೀಪು ಹತ್ತಿ ನೇರ ಬೇವೂರಿಗೆ ಹೊರಟಳು.

ಬೇವೂರಿನಲ್ಲಿ ಬೋರಿನ ಹತ್ತಿರ ಒಂದು ಕೊಡವೂ ಇರಲಿಲ್ಲ. ಊರಿನ ಮುದುಕಿ ಯಂಕವ್ವನ ಪುಟ್ಟ ಮೊಮ್ಮಗಳು ವಾಂತಿಭೇದಿಯಾಗಿ ತೀರಿಕೊಂಡು ವಾರವಾಗಿತ್ತು.

"ನೀರು ಛಲೋ ಅದಾವಂತ ಮೊದಲ ಸರಕಾರದವ್ರ ಹೇಳಿದ್ರು. ನಂಬಿ ಕುಡಿಸಿದ್ವಿ ಯವ್ವಾ" ಎಂದಳು ಮುದುಕಿ.

"ಇದು ವಿರೋಧ ಪಕ್ಷದವ್ರ ಕಿತಾಪತಿ ಬಿಡ್ರಿ" ಎಂದ ಕಾನ್‌ಸ್ಟೇಬಲ್ ವಿರುಪಣ್ಣ, ಜೀಪಿನಲ್ಲಿ.

ಭವಾನಿ ನಕಲಿ ಪ್ರಕಟಣೆಯ ಕೊನೆಯ ಸಾಲು ಓದಿದಳು: 'ಸಾರ್ವಜನಿಕರು ಆತಂಕಪಡುವ ಅಗತ್ಯವಿದೆ.'

"ಕಿತಾಪತಿ ಮಾಡಾವ್ರು ಹಿಂಗ ಬರೀತಾರೇನ್ರಿ? ಇದು 'ಅಗತ್ಯವಿಲ್ಲ' ಅಂತ ಬರದು ಬರದು ರೂಢಿ ಬಿದ್ದ ಕೈ."

ಆ ರೂಢಿಯ ಕೈ ಕೊಪ್ಪಳದ ವಾರ್ತಾ ಇಲಾಖೆಯ ಕಚೇರಿಯಲ್ಲಿತ್ತು. ಜಿಲ್ಲೆಯ ಸರ್ಕಾರಿ ಪ್ರಕಟಣೆಗಳನ್ನೆಲ್ಲ ಬರೆಯುತ್ತಿದ್ದವಳು ರೇಣುಕಾದೇವಿ. ಕಾಲರಾ ಬರಲಿ, ಕಾಲುವೆ ಒಡೆಯಲಿ, ಆಕೆಯ ಕೊನೆಯ ಸಾಲು ಬದಲಾದದ್ದೇ ಇಲ್ಲ. ಭವಾನಿ ಕಾಗದವನ್ನು ಮುಂದಿಟ್ಟಳು. ಆಕೆ ಅದರ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ನಾನ ಬರದದ್ದು."

"ನೀರು ಛಲೋ ಅದಾವ ಅಂದದ್ದು?"

"ಅದೂ ನಾನ ರೀ. ಕುಡಿಯಾಕ ಬರೂದಿಲ್ಲ ಅಂತ ಲ್ಯಾಬ್ ವರದಿ ಮೇಜಿನ ಮ್ಯಾಲ ಇತ್ತು. ಸಚಿವ್ರು ಉದ್ಘಾಟನೆ ಮಾಡಿದ ಬೋರು, ಆತಂಕ ಇಲ್ಲಂತ ಬರೀರಿ ಅಂದ್ರು ಪ್ರಭುರಾಜ ಸರ್. ಬರದೆ. ಆಮ್ಯಾಲ ಕೂಸು ಹೋದ ಸುದ್ದಿ ಬಂತು."

"ನಿಮ್ಮ ಹೆಸರಿಲೆ ಹೇಳಬೇಕಿತ್ತು."

"ರೇಣುಕಾದೇವಿ ಹೇಳಿದ್ರ ಯಾರು ಕೇಳ್ತಾರ್ರಿ? ಸರಕಾರ ಹೇಳಿದ್ರ ಕೇಳ್ತಾರ."

ಪಂಚರ ಎದುರು ಕಂಪ್ಯೂಟರ್, ಪ್ರಿಂಟರ್ ಜಪ್ತಿಯಾದವು. ಲ್ಯಾಬ್ ವರದಿಯನ್ನೂ ಪಂಚನಾಮೆಯಲ್ಲಿ ಸೇರಿಸುವಂತೆ ಭವಾನಿ ಹೇಳಿದಾಗ ವಿರುಪಣ್ಣ ಒಮ್ಮೆ ತಲೆಯೆತ್ತಿ ನೋಡಿ, ಬರೆದುಕೊಂಡ. ಬಂಧನದ ಸಮಯ ಸಂಜೆ ೫.೨೦.

"ಈಗ ಆ ನೀರು ಯಾರೂ ಕುಡಿಯಾಕತ್ತಿಲ್ಲಲ್ರಿ?" ಜೀಪು ಹತ್ತುವಾಗ ರೇಣುಕಾದೇವಿ ಕೇಳಿದಳು.

"ಇಲ್ರಿ."

ಆಕೆ ಅಲ್ಲೇ ಅತ್ತಳು.

ಠಾಣೆ ತಲುಪುವಷ್ಟರಲ್ಲಿ ಪ್ರಭುರಾಜನ ಫೋನು ಬಂತು. "ಶಾಬಾಸ್ ಮೇಡಂ. ಬಂಧನದ ಪ್ರಕಟಣೆ ಈಗ ಕಳಸ್ರಿ. ನೀರಿನ ಬಗ್ಗೆ ಆತಂಕಪಡುವ ಅಗತ್ಯವಿಲ್ಲ ಅಂತ ಕೊನೀಗೆ ಒಂದು ಸಾಲು ಹಾಕ್ರಿ."

ಭವಾನಿ ಆರೋಪಿಯ ಹೆಸರು, ಕಾನೂನಿನ ಕಲಮು, ಸಮಯ ಎಲ್ಲ ಬರೆದಳು. ಕೊನೆಯ ಸಾಲಿನ ಜಾಗ ಖಾಲಿ ಬಿಟ್ಟು, ಕೆಳಗೆ ತನ್ನ ಸಹಿ ಹಾಕಿದಳು.